ಅರಸು ಮೇಲಿನ ಖಟ್ಲೆ, ಹೊಲದ ಮೇಲಿನ ಹೆಸರು

ಆಲಮೇಲದ ಮನೆಗಳಲ್ಲಿ ವಾಟಣಿ ಮಾತು ಬಂತೆಂದರೆ ಮೊದಲು ತೆರೆಯುವುದು ಟ್ರಂಕು. ಹಳೇ ಉತಾರ, ಕಂದಾಯದ ಪಾವತಿ, ಸೊಸಾಯಿಟಿ ಸಾಲದ ಚೀಟಿ, ಯಾರದೋ ಲಗ್ನಪತ್ರಿಕೆ, ಎಲ್ಲಾ ಒಂದೇ ಅರಿವೆ ಗಂಟಿನಾಗ ಇರುತ್ತವೆ. ಇತ್ತೀಚೆಗೆ ಅಂಥದೊಂದು ಗಂಟು ಬಿಚ್ಚಿದಾಗ ಸಿಂದಗಿ ತಾಲೂಕು ಭೂ ನ್ಯಾಯಮಂಡಳಿಯ ಹಳೇ ಆದೇಶವೊಂದು ಕೈಗೆ ಸಿಕ್ಕಿತು. ಮಡಚಿದ ಕಡೆ ಹರಿದಿದೆ, ಶಿಕ್ಕಾ ಮಾಸಿದೆ, ಆದರೂ ಮುತ್ಯಾನ ಹೆಸರು ಓದಲಿಕ್ಕೆ ಬರುತ್ತದೆ. ಲಾವಣಿಗೆ ಹಿಡಿದು ಮಾಡುತ್ತಿದ್ದ ಹೊಲ ಮುತ್ಯಾನ ಹೆಸರಿಗೆ ಆದದ್ದು ಆ ಕಾಗದದಿಂದ.

ಕಾಗದದ ಸುದ್ದಿ ಚಹಾದಂಗಡಿಗೆ ಬರಲಿಕ್ಕೆ ತಡ ಆಗಲಿಲ್ಲ. ಹಿರಿಯರೊಬ್ಬರು, ಆ ಹೊಲ ಕೊಡಿಸಿದ ಪುಣ್ಯಾತ್ಮ ದೇವರಾಜ ಅರಸು ಅಂತ ಹೇಳಿ ಕೈ ಮುಗಿದರು. ಎದುರಿಗೆ ಕೂತವರು ಬಿಡಲಿಲ್ಲ. ಅರಸು ಮೇಲೆ ಗ್ರೋವರ್ ಕಮಿಷನ್ ಕೂತಿತ್ತು, ಗುನ್ಹೆ ಸಾಬೀತಾಗಿತ್ತು, ಅಂಥವರಿಗೆ ಕೈ ಮುಗಿಯುವುದು ಏನು ಬಂತು ಅಂತ ಮಾತು ತೆಗೆದರು. ಇಬ್ಬರ ಮಾತಿನಾಗೂ ಅರ್ಧ ಖರೆ ಐತಿ. ಉಳಿದ ಅರ್ಧ ತಿಳಿಯಬೇಕಾದರೆ ಆ ಮನುಷ್ಯನ ಕಥೆ ಮೊದಲಿನಿಂದ ಹೇಳಬೇಕು.

ಕಲ್ಲಹಳ್ಳಿಯಿಂದ ವಿಧಾನಸೌಧಕ್ಕೆ

ಡಿ. ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ. ಅರಸು ಸಮಾಜ ಅಂದ್ರೆ ಮೈಸೂರು ಅರಮನೆಗೆ ಬೀಗರಾಗುವ ಸಮಾಜ. ಆದರೆ ಬೀಗತನ ಬ್ಯಾರೆ, ಸಿಂಹಾಸನ ಬ್ಯಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ ಹುಡುಗ ಊರಿಗೆ ತಿರುಗಿ ಬಂದು ಒಕ್ಕಲುತನ ಮಾಡಿದರು. ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋದರು, ಅಣ್ಣ ರಾಜಕೀಯದ ಕಡೆ ಹೊರಳಿದರು.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. 1942ರ ಚಳವಳಿಯಲ್ಲಿ ಜೈಲು ಕಂಡರು. 1952ರ ಮೊದಲ ಮಹಾಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಒಂದು ಮಾತು ಇಲ್ಲೇ ನೆನಪಿಡಬೇಕು. ಅವರ ಸಮಾಜದ ಓಟು ಇಡೀ ರಾಜ್ಯದಾಗ ಎಣಿಸಿದರೂ ಕೈಬೆರಳಿನ ಲೆಕ್ಕ. ಜಾತಿಯ ಬಲದ ಮೇಲೆ ಮೇಲೇರುವ ದಾರಿ ಅವರಿಗೆ ಇರಲೇ ಇಲ್ಲ. ಮುಂದೆ ಸಣ್ಣ ಸಣ್ಣ ಸಮಾಜಗಳನ್ನೆಲ್ಲ ಒಂದು ಕಡೆ ಸೇರಿಸಿದ ರಾಜಕೀಯಕ್ಕೆ ಇದೂ ಒಂದು ಕಾರಣ.

ಆ ಹೊತ್ತಿಗೆ ನಮ್ಮ ಬಿಜಾಪುರ ಜಿಲ್ಲೆ ಮುಂಬೈ ರಾಜ್ಯದಾಗ ಇತ್ತು. 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾದ ಮೇಲೆ ಅಧಿಕಾರದ ತಕ್ಕಡಿ ಉತ್ತರದ ಕಡೆಗೂ ವಾಲಿತು. 1956ರಿಂದ 1971ರ ತನಕ ಮುಖ್ಯಮಂತ್ರಿ ಆದವರು ನಾಲ್ಕೇ ಮಂದಿ: ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ. ಇವರಲ್ಲಿ ಜಮಖಂಡಿಯ ಜತ್ತಿ, ಹುನಗುಂದದ ಕಂಠಿ ಇಬ್ಬರೂ ಆಗಿನ ಬಿಜಾಪುರ ಜಿಲ್ಲೆಯವರು. 1962ರಲ್ಲಿ ಹೊಸದುರ್ಗದಾಗ ಸೋತ ನಿಜಲಿಂಗಪ್ಪನವರನ್ನು ಮತ್ತೆ ವಿಧಾನಸಭೆಗೆ ಕಳಿಸಿದ್ದೂ ಇದೇ ಜಿಲ್ಲೆಯ ಬಾಗಲಕೋಟೆ. ಹೀಗಾಗಿ ಬೆಂಗಳೂರಿನ ಕುರ್ಚಿ ಅಂದ್ರೆ ನಮ್ಮ ಮಂದಿಗೆ ಮನೆಯ ಕಟ್ಟೆ ಇದ್ದಂಗ ಇತ್ತು. ಅರಸು ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿ ಇದ್ದರು.

1969ರಲ್ಲಿ ಕಾಂಗ್ರೆಸ್ ಒಡೆಯಿತು. ರಾಜ್ಯದ ದೊಡ್ಡ ನಾಯಕರೆಲ್ಲ ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಇಂದಿರಾ ಗಾಂಧಿ ಕಡೆ ಹೋದರು. ಅವತ್ತು ಅದು ಬಡ ಬಾಜಿ. ಆದರೆ 1971ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್ಸಿಗೆ ಬಂದವು. 1972ರ ವಿಧಾನಸಭೆಯಲ್ಲಿ 216ರಲ್ಲಿ 165 ಬಂದವು. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿ ಆದರು. ಬಾಯಲ್ಲಿ ಪೈಪು, ಎತ್ತರದ ಆಳು, ಮಾತು ಕಡಿಮೆ. ನಮ್ಮ ಕಡೆಯ ಮಂದಿಗೆ ಈ ಮನುಷ್ಯ ಹೊಸಬ.

ಫಾರಂ ನಂಬರ್ ಏಳು

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ಬಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು ಜೀವಮಾನ ಇಡೀ ಕಂಡ ಕನಸು ಅದು. ಹೆಸರು ಬದಲಾದ ನಾಲ್ಕೇ ತಿಂಗಳಿಗೆ ಹೊಲದ ಕಾಯ್ದೆಯೂ ಬದಲಾಯಿತು.

ಗೇಣಿ ಕಾಯ್ದೆ ಮೊದಲು ಇರಲಿಲ್ಲ ಅಂತಲ್ಲ. ನಮ್ಮ ಜಿಲ್ಲೆಗೆ 1948ರ ಮುಂಬೈ ಕುಳ ಕಾಯ್ದೆ ಲಾಗೂ ಇತ್ತು. ಆಮೇಲೆ 1961ರ ಭೂ ಸುಧಾರಣೆ ಕಾಯ್ದೆ ಬಂತು, 1965ರಿಂದ ಜಾರಿಯಾಯಿತು. ಕಾಯ್ದೆ ಪುಸ್ತಕದಾಗ ಇತ್ತು, ಹೊಲ ಮಾತ್ರ ಮಾಲಕರ ಹೆಸರಿನಾಗೇ ಇತ್ತು. ಅರಸು ಸರಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅವತ್ತಿಗೆ ಗೇಣಿಯಲ್ಲಿದ್ದ ಹೊಲ ಎಲ್ಲ ಸರಕಾರಕ್ಕೆ ಸೇರಿತು. ಉಳುವ ಮನುಷ್ಯ ಫಾರಂ ನಂಬರ್ 7 ತುಂಬಿ ಅರ್ಜಿ ಕೊಟ್ಟರೆ, ಅವನ ಸಾಗುವಳಿ ಖರೆ ಅಂತ ಕಂಡರೆ ಹೊಲ ಅವನ ಹೆಸರಿಗೆ. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಹೊಲಕ್ಕೆ 10 ಯೂನಿಟ್ಟಿನ ಮಿತಿ ಬಂತು. ನಮ್ಮಂಥ ಮಳೆ ನಂಬಿದ ಕಡೆಯ ಕೊನೇ ದರ್ಜೆ ಹೊಲಕ್ಕೆ ಅದು 54 ಎಕರೆ.

ತೀರ್ಮಾನ ಮಾಡುವವರು ಯಾರು? ತಾಲೂಕಿಗೆ ಒಂದು ಭೂ ನ್ಯಾಯಮಂಡಳಿ. ಅಸಿಸ್ಟಂಟ್ ಕಮಿಷನರ್ ಅಧ್ಯಕ್ಷ, ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಇಲ್ಲವೇ ಪಂಗಡದವರು. ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿಲ್ಲ. ಮಂಡಳಿ ಹೇಳಿದ್ದರ ಮೇಲೆ ಅಪೀಲೂ ಇಲ್ಲ. ಸಮಾಧಾನ ಆಗದಿದ್ದರೆ ರಿಟ್ ಹಾಕಬೇಕು, ಅದೂ ಬೆಂಗಳೂರಿನ ಹೈಕೋರ್ಟಿನಾಗ. ಫೀ ಕೊಟ್ಟು ದೊಡ್ಡ ವಕೀಲರನ್ನು ಹಿಡಿಯುವ ತಾಕತ್ತು ಮಾಲಕನಿಗೆ ಇತ್ತು, ಲಾವಣಿದಾರನಿಗೆ ಇರಲಿಲ್ಲ. ಅದಕ್ಕೇ ಈ ಏರ್ಪಾಡು.

ರಾಜ್ಯದಾಗ ಸುಮಾರು 8 ಲಕ್ಷ ಅರ್ಜಿ ಬಂದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಕಡೆ ಗೇಣಿ ಹೆಚ್ಚು, ಅರ್ಜಿಯೂ ಹೆಚ್ಚು. ನಮ್ಮ ಎರಿಹೊಲದ ಸೀಮೆಯಲ್ಲಿ ಅಷ್ಟು ಇರಲಿಲ್ಲ. ಇಲ್ಲಿ ಪಾಲು, ಲಾವಣಿ ಎಲ್ಲ ಬಾಯಿ ಮಾತಿನ ಮೇಲೆ ನಡೆಯುತ್ತಿದ್ದವು. ಬಾಯಿ ಮಾತಿಗೆ ಸಾಕ್ಷಿ ಹೇಳುವವರು ಯಾರು? ಎಷ್ಟೋ ಮಂದಿ ಮಾಲಕನ ಮುಲಾಜಿಗೆ ಬಿದ್ದು ಫಾರಂ ತುಂಬಲೇ ಇಲ್ಲ. ತುಂಬಿದವರ ಮನೆಯ ಟ್ರಂಕಿನಾಗ ಇವತ್ತು ಕಾಗದ ಇದೆ, ತುಂಬದವರ ಮನೆಯಲ್ಲಿ ಬರೀ ಕಥೆ ಇದೆ.

ಇದರ ಇನ್ನೊಂದು ಮಗ್ಗಲೂ ಇದೆ. ಹೊಲ ಕಳಕೊಂಡವರೆಲ್ಲ ದೊಡ್ಡ ಜಮೀನುದಾರರಾಗಿರಲಿಲ್ಲ. ನಾಲ್ಕೆಕರೆ ಇಟ್ಟುಕೊಂಡ ವಿಧವೆ, ದೂರದ ಊರಿನಾಗ ಮಾಸ್ತರಿಕೆ ಮಾಡುವವರು, ಇಂಥವರ ಹೊಲವೂ ಹೋದದ್ದುಂಟು. ಆ ಮನೆಗಳಲ್ಲಿ ಅರಸು ಹೆಸರು ಹೇಳುವ ಧಾಟಿಯೇ ಬ್ಯಾರೆ.

ಹೊಲದ ಜೊತೆಗೆ ಇನ್ನೂ ಕೆಲವು ಬಂದವು. 1976ರ ಋಣ ಪರಿಹಾರ ಕಾಯ್ದೆಯಿಂದ ಬಡವರು ಸಾವುಕಾರರ ಹತ್ತಿರ ಒತ್ತೆ ಇಟ್ಟ ಸಾಮಾನು ತಿರುಗಿ ಮನೆಗೆ ಬಂದವು. ಮಂತ್ರಿ ಬಿ. ಬಸವಲಿಂಗಪ್ಪನವರ ಕಾಲಕ್ಕೆ ತಲೆ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಬಂತು. 1972ರಲ್ಲಿ ಎಲ್.ಜಿ. ಹಾವನೂರ ಆಯೋಗ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರ ಪಟ್ಟಿಯಲ್ಲಿ ಲಿಂಗಾಯತರನ್ನು ಸೇರಿಸಲಿಲ್ಲ ಅಂತ ನಮ್ಮ ಭಾಗದಾಗ ದೊಡ್ಡ ಸಿಟ್ಟೆದ್ದಿತು. ಹೊಲ ಹೋದ ಸಿಟ್ಟು ಒಂದು ಕಡೆ, ಈ ಸಿಟ್ಟು ಒಂದು ಕಡೆ. ಅರಸು ಅಂದ್ರೆ ಕೆಲವರು ದೀಪ ಹಚ್ಚಿದರು, ಕೆಲವರು ಹಲ್ಲು ಕಡಿದರು.

ತುರ್ತು ಪರಿಸ್ಥಿತಿಯ ಕಲೆ

1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂತು. ಅರಸು ಸರಕಾರವೂ ವಿರೋಧ ಪಕ್ಷದವರನ್ನು ಜೈಲಿಗೆ ಹಾಕಿತು. ವಿರೋಧ ಪಕ್ಷದ ನಾಯಕ ಎಚ್.ಡಿ. ದೇವೇಗೌಡರೂ ಒಳಗೆ ಹೋದರು. ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಬೇರೆ ರಾಜ್ಯದಷ್ಟು ಅತಿರೇಕ ಇಲ್ಲಿ ನಡೆಯಲಿಲ್ಲ ಅಂತ ಹೇಳುವವರಿದ್ದಾರೆ. ಆ ಹೆಣ್ಣುಮಗಳ ಮನೆಯವರಿಗೆ ಆ ಮಾತಿನಿಂದ ಏನು ಸಮಾಧಾನ? ಅರಸು ಲೆಕ್ಕದ ಪುಸ್ತಕದಾಗ ಇದನ್ನೂ ಬರೆಯಲೇಬೇಕು.

ಎರಡು ಆಯೋಗ, ಐದು ದಿನದ ಅಂತರ

1977ರ ಮಾರ್ಚಿನಲ್ಲಿ ಇಂದಿರಾ ಸೋತರು. ದಿಲ್ಲಿಯಲ್ಲಿ ಮೊರಾರ್ಜಿ ದೇಸಾಯಿಯವರ ಜನತಾ ಸರಕಾರ ಬಂತು. ಉತ್ತರ ಹಿಂದುಸ್ಥಾನದಲ್ಲಿ ಕಾಂಗ್ರೆಸ್ ಮಣ್ಣು ಮುಕ್ಕಿದರೂ ಕರ್ನಾಟಕದ 28ರಲ್ಲಿ 26 ಸೀಟು ಅದಕ್ಕೇ ಬಂದವು. ಏಪ್ರಿಲ್ ಕೊನೆಗೆ ಕೇಂದ್ರ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿತು. ಅದಕ್ಕೆ ಸಹಿ ಹಾಕಿದವರು ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿಯ ಬಿ.ಡಿ. ಜತ್ತಿ. ಆ ಒಂಬತ್ತರಲ್ಲಿ ಕರ್ನಾಟಕ ಇರಲಿಲ್ಲ. ಅರಸು ಪಾರಾದರು ಅಂತ ಮಂದಿ ತಿಳಿದರು. ಅಷ್ಟರಾಗ ಖಟ್ಲೆ ಬಂತು.

ರಾಜ್ಯದ ವಿರೋಧ ಪಕ್ಷದ ಶಾಸಕರು ಅರಸು ಮೇಲೆ ಲಂಚ, ಸ್ವಜನ ಪಕ್ಷಪಾತ, ಅಧಿಕಾರ ದುರುಪಯೋಗದ ಆಪಾದನೆಗಳ ಪಟ್ಟಿ ಮಾಡಿ ದಿಲ್ಲಿಗೆ ಕಳಿಸಿದ್ದರು. ಕೇಂದ್ರದ ಗೃಹಮಂತ್ರಿ ಚರಣಸಿಂಗರು ಆ ಪಟ್ಟಿಯನ್ನು ಅರಸರಿಗೆ ಕಳಿಸಿ ಉತ್ತರ ಕೇಳಿದರು. ಅರಸು ಸರಕಾರ ಒಂದು ಉಪಾಯ ಮಾಡಿತು. 1977ರ ಮೇ 18ರಂದು ತಾನೇ ಒಂದು ಆಯೋಗ ನೇಮಿಸಿತು. ಅದಕ್ಕೆ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನ್. ವಿಚಾರಣಾ ಆಯೋಗ ಕಾಯ್ದೆ ಪ್ರಕಾರ ಒಂದು ವಿಷಯದ ಮೇಲೆ ರಾಜ್ಯದ ಆಯೋಗ ಕೂತಿದ್ದರೆ ಅದೇ ವಿಷಯಕ್ಕೆ ಕೇಂದ್ರ ಇನ್ನೊಂದು ನೇಮಿಸುವಂತಿಲ್ಲ. ಬಾಗಿಲಿಗೆ ಒಳಗಿಂದ ಅಗಳಿ ಹಾಕಿದಂಗ ಆತು.

ಕೇಂದ್ರ ಅಗಳಿಗೆ ಅಂಜಲಿಲ್ಲ. ಐದೇ ದಿನಕ್ಕೆ, ಮೇ 23ರಂದು, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರ ಆಯೋಗ ನೇಮಿಸಿತು. ಗ್ರೋವರ್ ಅಂದ್ರೆ 1973ರಲ್ಲಿ ಇಂದಿರಾ ಸರಕಾರ ಹಿರಿತನ ದಾಟಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಒಗೆದು ಬಂದ ಮೂವರಲ್ಲಿ ಒಬ್ಬರು. ಇನ್ನೊಬ್ಬರು ನಮ್ಮ ಕನ್ನಡಿಗ ಕೆ.ಎಸ್. ಹೆಗ್ಡೆ.

ರಾಜ್ಯ ಸರಕಾರ ಸುಮ್ಮನಿರಲಿಲ್ಲ. ಕರ್ನಾಟಕ ರಾಜ್ಯ ವಿರುದ್ಧ ಭಾರತ ಒಕ್ಕೂಟ ಅಂತ ಸುಪ್ರೀಂ ಕೋರ್ಟಿನಲ್ಲೇ ನೇರ ದಾವೆ ಹೂಡಿತು. ರಾಜ್ಯ ಮತ್ತು ಕೇಂದ್ರದ ನಡುವೆ ತಕರಾರು ಬಂದರೆ ಸಂವಿಧಾನದ 131ನೇ ವಿಧಿ ಪ್ರಕಾರ ಹಂಗ ಹೋಗಲಿಕ್ಕೆ ಬರುತ್ತದೆ. ರಾಜ್ಯದ ವಾದ ಸಣ್ಣದಲ್ಲ. ಮಂತ್ರಿಮಂಡಳ ಉತ್ತರ ಹೇಳಬೇಕಾದದ್ದು ತನ್ನ ವಿಧಾನಸಭೆಗೆ. ದಿಲ್ಲಿಯವರು ರಾಜ್ಯದ ಮುಖ್ಯಮಂತ್ರಿಯನ್ನು ಕಟಕಟೆಗೆ ಕರೆದರೆ ನಾಳೆ ಯಾವ ರಾಜ್ಯ ಸ್ವತಂತ್ರವಾಗಿ ನಿಂತೀತು? ಬೇರೆ ಪಕ್ಷದ ಸರಕಾರ ಕಂಡಲ್ಲೆಲ್ಲ ಆಯೋಗ ಕೂರಿಸಿದರೆ ಗತಿ ಏನು?

ಏಳು ನ್ಯಾಯಮೂರ್ತಿಗಳ ಪೀಠ ಕೂತಿತು. 1977ರ ನವೆಂಬರ್ 8ರಂದು ಬಹುಮತದಿಂದ ದಾವೆ ವಜಾ ಆಯಿತು. ಮಂತ್ರಿಮಂಡಳ ಸದನಕ್ಕೆ ಹೊಣೆ ಎನ್ನುವುದು ಖರೆ, ಆದರೆ ಅದರ ಮರೆಯಲ್ಲಿ ಒಬ್ಬ ಮಂತ್ರಿಯ ಸ್ವಂತ ತಪ್ಪು ಅಡಗಲಿಕ್ಕೆ ಬರುವುದಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಎರಡೂ ಆಯೋಗದ ವಿಷಯ ಒಂದೇ ಅಲ್ಲ ಎಂದೂ ಆಯಿತು. ರಾಜ್ಯದ ಆಯೋಗ ನೋಡುವುದು ಕೆಲಸಗಳಲ್ಲಿ ಅವ್ಯವಹಾರ ಆಗಿತ್ತೇ ಅಂತ. ಗ್ರೋವರ್ ಆಯೋಗ ನೋಡುವುದು ಅದರಾಗ ಮುಖ್ಯಮಂತ್ರಿಯ ಕೈ ಇತ್ತೇ ಅಂತ. ಮುಖ್ಯವಾದ ಇನ್ನೊಂದು ಮಾತು: ಆಯೋಗ ಅಂದ್ರೆ ಕೋರ್ಟಲ್ಲ. ಅದು ಸಂಗತಿ ಹುಡುಕಿ ಸರಕಾರಕ್ಕೆ ವರದಿ ಕೊಡುತ್ತದೆ, ಶಿಕ್ಷೆ ಕೊಡುವುದಿಲ್ಲ.

ಅರಸು ಸೋತ ಈ ಖಟ್ಲೆ ಇವತ್ತಿಗೂ ಕೇಂದ್ರ, ರಾಜ್ಯಗಳ ತಕರಾರು ಬಂದಾಗೆಲ್ಲ ವಕೀಲರು ತೆಗೆದು ಓದುವ ಖಟ್ಲೆ.

ಕೆಡವಿದವರು ಒಬ್ಬರು, ಎಬ್ಬಿಸಿದವರು ಒಬ್ಬರು

ತೀರ್ಪು ಬಂದ ಎರಡು ತಿಂಗಳೊಳಗೆ ಸ್ವಂತ ಪಕ್ಷದಾಗೇ ಬಿರುಕು ಬಿತ್ತು. ಗದಗಿನ ಕೆ.ಎಚ್. ಪಾಟೀಲರು ಮೊದಲಾದವರು ಅರಸರ ವಿರುದ್ಧ ನಿಂತರು. ಬಹುಮತ ಇದೆ, ಸದನದಾಗ ತೋರಿಸುತ್ತೇನೆ ಅಂತ ಅರಸು ಅಂದರೂ ರಾಜ್ಯಪಾಲ ಗೋವಿಂದ ನಾರಾಯಣ್ ಅವರ ವರದಿಯ ಮೇಲೆ 1977ರ ಡಿಸೆಂಬರ್ 31ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಸದನದಾಗ ಕೈ ಎಣಿಸಲೇ ಇಲ್ಲ. ಇದೇ ಅನ್ಯಾಯ 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರಿಗೂ ಆಯಿತು. ಬಹುಮತ ಎಣಿಸುವ ಜಾಗ ರಾಜಭವನ ಅಲ್ಲ, ಸದನ ಅಂತ ಸುಪ್ರೀಂ ಕೋರ್ಟು 1994ರಲ್ಲಿ ಬೊಮ್ಮಾಯಿ ಖಟ್ಲೆಯಲ್ಲಿ ಹೇಳಿತು. ಅರಸರಿಗೆ ಆ ತೀರ್ಪು 16 ವರ್ಷ ತಡವಾಗಿ ಬಂದಂಗ ಆತು.

1978ರ ಫೆಬ್ರವರಿ 25ಕ್ಕೆ ಚುನಾವಣೆ. ಕುರ್ಚಿ ಇಲ್ಲ, ಆಯೋಗದ ಕತ್ತಿ ತಲೆ ಮೇಲೆ, ಪಕ್ಷ ಹೊಸದು. ಆದರೂ 224ರಲ್ಲಿ 149 ಸೀಟು ಇಂದಿರಾ ಕಾಂಗ್ರೆಸ್ಸಿಗೆ ಬಂದವು, ಜನತಾ ಪಕ್ಷಕ್ಕೆ 59. ಫೆಬ್ರವರಿ 28ಕ್ಕೆ ಅರಸು ಮತ್ತೆ ಪ್ರಮಾಣ ವಚನ ತಗೊಂಡರು. ಅದೇ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯನ್ನು ಲೋಕಸಭೆಗೆ ಗೆಲ್ಲಿಸಿ ಕಳಿಸಿದರು. ಎದುರಾಳಿ ಯಾರು? ನಮ್ಮ ನೆರೆಯ ಕಲಬುರಗಿ ಜಿಲ್ಲೆ ಚಿಂಚೋಳಿಯ ವೀರೇಂದ್ರ ಪಾಟೀಲರು.

ಗ್ರೋವರ್ ಆಯೋಗದ ವರದಿಯೂ ಬಂತು. ಕೆಲವು ಆಪಾದನೆ ರುಜುವಾತಾಗಿವೆ ಎಂದಿತು, ಕೆಲವನ್ನು ಒಪ್ಪಲಿಲ್ಲ. ಅರಸು ಪರ ಇದ್ದವರು ಇದು ಜನತಾ ಸರಕಾರದ ಸೇಡು ಅಂದರು. ಎದುರಿನವರು ಕುರ್ಚಿ ಬಿಡಲಿ ಅಂದರು. ಓಟಿನ ಪೆಟ್ಟಿಗೆ ಒಂದು ಹೇಳಿತ್ತು, ವರದಿ ಇನ್ನೊಂದು ಹೇಳಿತು.

ಕಡೆಗೆ ಅರಸರನ್ನು ಕೆಡವಿದ್ದು ವರದಿಯೂ ಅಲ್ಲ, ಜನತಾ ಪಕ್ಷವೂ ಅಲ್ಲ. ತಾವೇ ಕೈ ಹಿಡಿದು ಎತ್ತಿದ ಇಂದಿರಾ ಗಾಂಧಿಯ ಜೊತೆಗೇ ಜಗಳ ಬಿತ್ತು. 1979ರ ಜೂನಿನಲ್ಲಿ ಪಕ್ಷದಿಂದ ಹೊರಗೆ ಹಾಕಿದರು. ಶಾಸಕರು ಬಹಳ ಮಂದಿ ಅರಸರ ಜೊತೆಗೇ ಬಂದರು, ಸರಕಾರ ಉಳಿಯಿತು. ಅದು ಆರು ತಿಂಗಳ ಮಾತು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸೀಟು ಇಂದಿರಾಗೆ ಹೋದವು. ಎಣಿಕೆ ಮುಗಿದ ಮೇಲೆ ಅರಸರ ಅಂಗಳ ಖಾಲಿ. ನಿನ್ನೆ ತನಕ ಕಾಲಿಗೆ ಬೀಳುತ್ತಿದ್ದ ಶಾಸಕರು ರಾತ್ರೋರಾತ್ರಿ ಪಕ್ಷ ದಾಟಿದರು. ಅರಸು ರಾಜೀನಾಮೆ ಕೊಟ್ಟರು. ಜನವರಿ 12ಕ್ಕೆ ಆರ್. ಗುಂಡೂರಾವ್ ಮುಖ್ಯಮಂತ್ರಿ ಆದರು.

ಆಮೇಲೆ ಕ್ರಾಂತಿರಂಗ ಅಂತ ಹೊಸ ಪಕ್ಷ ಕಟ್ಟಲಿಕ್ಕೆ ಹೊರಟರು. ಅದರ ಬೆಳೆ ನೋಡಲಿಕ್ಕೆ ಆಯುಷ್ಯ ಸಾಲಲಿಲ್ಲ. 1982ರ ಜೂನ್ 6ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ, 1983ರಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರ ತಂದವು.

ಮತ್ತೆ ಟ್ರಂಕಿನ ಕಡೆಗೆ

ಈಗ ಚಹಾದಂಗಡಿಯ ಜಗಳಕ್ಕೆ ಬರೋಣ. ಆಯೋಗದ ವರದಿ ಬಂದ ಕೂಡಲೇ ಮನುಷ್ಯ ಗುನ್ಹೆಗಾರ ಅನ್ನುವುದು ಕಾಯ್ದೆಯ ಮಾತಲ್ಲ. ಹಂಗಂತ, ಓಟಿನಲ್ಲಿ ಗೆದ್ದ ಕೂಡಲೇ ಮೈಮೇಲಿನ ಕಲೆ ತೊಳೆದು ಹೋಯಿತು ಅನ್ನುವುದೂ ಸರಿಯಲ್ಲ. 149 ಸೀಟು ಬಂದದ್ದು ಆಪಾದನೆಗಳಿಗೆ ಉತ್ತರ ಅಲ್ಲ. ಹಾಗೇ ಕೆಲವು ಆಪಾದನೆ ಸಾಬೀತು ಅಂತ ವರದಿ ಬಂದರೆ ಮುತ್ಯಾನ ಹೆಸರಿಗೆ ಆದ ಹೊಲ ಸುಳ್ಳಾಗುವುದಿಲ್ಲ. ಎರಡೂ ಲೆಕ್ಕ ಎರಡು ಪುಟದಾಗ ಇರಬೇಕು. ಒಂದು ಪುಟ ತೋರಿಸಿ ಇನ್ನೊಂದು ಪುಟ ಹರಿಯುವುದು ನಮ್ಮ ರಾಜಕೀಯದ ಹಳೇ ಚಾಳಿ. ಅರಸು ಆದ ಮೇಲೆ ಎಷ್ಟು ಶಾಸಕರ ಮೇಲೆ ಎಷ್ಟು ಖಟ್ಲೆ ಬಂದವು, ಎಷ್ಟು ಆಯೋಗ ಕೂತು ಎದ್ದವು! ಪ್ರತಿ ಸಲವೂ ಬೆಂಬಲಿಗರು ಓಟು ತೋರಿಸುತ್ತಾರೆ, ಎದುರಾಳಿಗಳು ವರದಿ ತೋರಿಸುತ್ತಾರೆ. ಎರಡನ್ನೂ ಪೂರ್ತಿ ಓದುವವರು ಕಡಿಮೆ.

ಇನ್ನೊಂದು ವಿಚಿತ್ರವೂ ಉಂಟು. ಅರಸು ಮಾಡಿದ ಕಾಯ್ದೆಯಾಗ ರೈತನಿಗಾಗಲಿ ಮಾಲಕನಿಗಾಗಲಿ ವಕೀಲ ಇಲ್ಲ, ಅಪೀಲು ಇಲ್ಲ. ಅರಸರ ಮೇಲೆ ಆಪಾದನೆ ಬಂದಾಗ ಅವರ ಸರಕಾರಕ್ಕೆ ವಕೀಲರೂ ಸಿಕ್ಕರು, ಏಳು ನ್ಯಾಯಮೂರ್ತಿಗಳ ಪೀಠವೂ ಸಿಕ್ಕಿತು. ವಕೀಲರನ್ನು ಹೊರಗಿಟ್ಟ ಆ ಕಲಮನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದು ಹಾಕಿತು, ಕಾಯ್ದೆಯ ಹುರುಳನ್ನು ಮಾತ್ರ ಎತ್ತಿ ಹಿಡಿಯಿತು. ಅಷ್ಟೊತ್ತಿಗೆ ಕಾಯ್ದೆ ಮಾಡಿದವರು ತೀರಿ ಐದು ವರ್ಷ ಆಗಿತ್ತು. ಮಂಡಳಿಯ ಮುಂದೆ ಬೆಳೆದ ಕೇಸುಗಳು ಮಾತ್ರ ಮಗನಿಗೆ, ಮೊಮ್ಮಗನಿಗೆ ಆಸ್ತಿಯಂಗ ಬಂದವು. 2008ರಲ್ಲಿ ಕಲಬುರಗಿಗೆ ಹೈಕೋರ್ಟ್ ಪೀಠ ಬರುವ ತನಕ ನಮ್ಮ ರೈತ ತಾರೀಖಿಗೆ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೇ ಹೋಗಬೇಕಿತ್ತು.

2020ರಲ್ಲಿ ಅದೇ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದರು. ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು ಅಂತ ಆಯಿತು. ಈಗ ಆಲಮೇಲ ತಾಲೂಕು ಕೇಂದ್ರ ಆಗಿದೆ, ಸುತ್ತ ಕಬ್ಬು ಬಂದಿದೆ, ಹೊಲದ ರೇಟು ಏರಿದೆ. ಕೊಳ್ಳುವವರು ಬಾಗಿಲಿಗೇ ಬರುತ್ತಾರೆ. ಇಂಥ ಹೊತ್ತಿನಾಗ ಟ್ರಂಕಿನ ಕಾಗದ ಬರೀ ನೆನಪಲ್ಲ.

ಅದಕ್ಕೇ ಒಂದು ಮಾತು. ಮನೆಯಲ್ಲಿ ನ್ಯಾಯಮಂಡಳಿಯ ಆದೇಶ ಇದ್ದವರು, ಅದರ ಮೇಲೆ ಸಿಗಬೇಕಾದ ಫಾರಂ ನಂಬರ್ 10 ಕೈಗೆ ಬಂದಿದೆಯೋ ಇಲ್ಲವೋ ನೋಡಿಕೊಳ್ಳಬೇಕು. ಉತಾರದಾಗ ಹೆಸರು ಸರಿಯಾಗಿ ಏರಿದೆಯೋ ಇಲ್ಲವೋ ತಹಸೀಲ್ದಾರ್ ಕಚೇರಿಯಾಗ ಕೇಳಬೇಕು. ಅಣ್ಣತಮ್ಮಂದಿರು ಕಾಗದ ಹರಿದು ಹಂಚಿಕೊಳ್ಳುವ ಮೊದಲು ನಕಲು ತೆಗೆಸಿ ಇಡಬೇಕು. ಅರಸರಿಗೆ ಕೈ ಮುಗಿಯುವುದು ಬಿಡುವುದು ಅವರವರ ಮರ್ಜಿ. ಆ ಕಾಗದಕ್ಕಾಗಿ ಮಾಲಕನ ಎದುರು ನಿಂತು ಫಾರಂ ತುಂಬಿದ ಮುತ್ಯಾನ ಧೈರ್ಯವನ್ನು ಮಾತ್ರ ಮಾರಲಿಕ್ಕೆ ಹೋಗಬಾರದು.